ಚಿಕ್ಕಮ್ಮ ಲೇಡಿಯಾದ ದಿನ

ನಮ್ಮ ಚಿಕ್ಕಮ್ಮ ಮದುವೆಯಾಗಿ ಬಂದ ಮಾರನೇ ದಿನ ಚಿಕ್ಕಪ್ಪನ ಬೇಕರಿಯ ಹಿಂದಿನ ಕೋಣೆಗೆ ಹೋದವಳು ವರ್ಷಗಳು ಕಳೆದರೂ ಇನ್ನೂ ಹೊರಗೆ ಬಂದಿರಲಿಲ್ಲ. ಮುಂದಿನ ಕೋಣೆಯಲ್ಲಿ ಫ್ಯಾನು, ಕುರ್ಚಿ, ಕುರ್ಚಿಯಲ್ಲಿ ಚಿಕ್ಕಪ್ಪ. ಹಿಂದೆ ಒಲೆ, ಹಿಟ್ಟಿನ ತೊಟ್ಟಿ, ತೊಟ್ಟಿಯಲ್ಲಿ ಮೊಣಕೈವರೆಗೆ ಚಿಕ್ಕಮ್ಮ. ನಾದಿ ನಾದಿ ಅವಳ ಬಲ ಮಣಿಕಟ್ಟು ಊದಿಕೊಂಡಿತ್ತು. ನಾದುವ ಯಂತ್ರ ಬೇಕು ಎಂದು ಅವಳು ಕೇಳುತ್ತಲೇ ಇದ್ದಳು, ಚಿಕ್ಕಪ್ಪ "ನೋಡೋಣ" ಎನ್ನುತ್ತಲೇ ಇದ್ದ.

ಕಡೆಗೊಂದು ಶನಿವಾರ ಮನಸ್ಸು ಕರಗಿ, ಯಂತ್ರದ ಅಂಗಡಿಗೆ ಹೊರಟು ಚಪ್ಪಲಿ ಮೆಟ್ಟಿದ್ದ. ಅಷ್ಟರಲ್ಲಿ ನಾನು ಹೋದೆ.

ನಾನು ಇಂಗ್ಲಿಷ್ ಟೀಚರು. ಹೆಂಗಸರ ದುಡಿಮೆಯ ಬಗ್ಗೆ ಭಾಷಣವನ್ನೂ ಮಾಡುತ್ತೇನೆ. ಮನೆಯಲ್ಲಿ ಅಡುಗೆ ಅಮ್ಮನದು, ಹಾಗಾಗಿ ಪುರುಸೊತ್ತಿದೆ.

"ಚಿಕ್ಕಮ್ಮ, 'ಲೇಡಿ' ಅನ್ನೋ ಪದ ಎಲ್ಲಿಂದ ಬಂತು ಗೊತ್ತಾ? ಹಳೇ ಇಂಗ್ಲಿಷಲ್ಲಿ ಬ್ರೆಡ್ಡಿನ ಹಿಟ್ಟು ನಾದೋಳು ಅಂತ! 'ಲಾರ್ಡ್' ಅಂದ್ರೆ ಬ್ರೆಡ್ ಕಾಯೋನು. ಆಮೇಲೆ ಮನೆಯೊಡತಿ ಲೇಡಿಯಾದ್ಲು, ಆಮೇಲೆ ದೊಡ್ಡ ಮನೆತನದೋಳು. ಈಗ ಬಸ್ಸಿನ ಸೀಟಿಗೂ ಅದೇ ಹೆಸರು. ಕೈಯಿಂದ ಹಿಟ್ಟು ಉದುರಿದ ಹಾಗೆಲ್ಲ ಮರ್ಯಾದೆ ಏರ್ತು ನೋಡು. ನಿಜವಾದ ಲೇಡಿ ನೀನೇ!"

ನನ್ನ ಮಾತಿಗೆ ನನಗೇ ಕಣ್ಣು ತೇವವಾಯಿತು. ಚಿಕ್ಕಪ್ಪ ಚಪ್ಪಲಿ ಕಳಚಿದ.

"ಕೇಳಿಸ್ಕೊಂಡ್ಯೇನೇ? ಇಂಥಾ ದೊಡ್ಡ ಕೆಲಸಾನ ಯಂತ್ರದ ಕೈಗೆ ಕೊಡೋದಾ? ನೀನು ನಾದು, ನಾನು ಕಾಯ್ತೀನಿ."

ಹೋಗಿ ಕುರ್ಚಿಯಲ್ಲಿ ಕೂತ. ಸಂಜೆವರೆಗೂ ಬಂದ ಗಿರಾಕಿಗಳಿಗೆಲ್ಲ ತಾನು ಲಾರ್ಡ್ ಎಂದು ಹೇಳಿಕೊಂಡ.

ಚಿಕ್ಕಮ್ಮ ನನ್ನತ್ತ ತಿರುಗಿದಳು. "ಬಾಯಿ ಮುಚ್ಕೊಂಡು ಒಂದು ಬನ್ ತಿಂದು ಹೋಗಕ್ಕೆ ಏನಾಗಿತ್ತೇ ನಿಂಗೆ? ನೀನೂ ಲೇಡಿ ತಾನೆ? ನಾಳೆ ಶಾಲೆ ಇಲ್ಲ. ಬೆಳಗ್ಗೆ ಬಂದು ನಾದು."

ಭಾಷಣಗಳಲ್ಲಿ ನಾನು ಎಷ್ಟೋ ಸಲ ಹಿಟ್ಟು ನಾದಿದ್ದೆ, ತೊಟ್ಟಿಯಲ್ಲಿ ಅದೇ ಮೊದಲು. ಹಿಟ್ಟು ಕೈಗೆ ಹತ್ತಿತು, ಮುಖಕ್ಕೆ ಹತ್ತಿತು, ಕನ್ನಡಕಕ್ಕೂ ಹತ್ತಿತು. ಒಲೆಯಿಂದ ಹೊರಬಂದದ್ದರಲ್ಲಿ ಗೋಡೆ ಕಟ್ಟಬಹುದಿತ್ತು. ಗಿರಾಕಿಗಳು ಬೆರಳಿನಿಂದ ತಟ್ಟಿ ನೋಡಿ ವಾಪಸ್ ಇಟ್ಟರು. ಆ ದಿನ ಬ್ರೆಡ್ಡನ್ನು ಯಾರೂ ಕಾಯಬೇಕಾಗಿರಲಿಲ್ಲ, ಕಳ್ಳನೂ ಮುಟ್ಟುತ್ತಿರಲಿಲ್ಲ.

ಚಿಕ್ಕಮ್ಮ ಫ್ಯಾನಿನ ಕೆಳಗೆ ಕೈಗೆ ಬಟ್ಟೆ ಸುತ್ತಿಕೊಂಡು ಕೂತಿದ್ದಳು. "ಕಾಯ್ತಾ ಇದೀರೇನ್ರೀ? ಚೆನ್ನಾಗಿ ಕಾಯಿರಿ. ನನ್ನ ಕೈ ವಾಸಿಯಾಗೋವರೆಗೂ ನಾದೋದು ಇವಳೇ."

ಚಿಕ್ಕಪ್ಪ ನನ್ನನ್ನು ನೋಡಿದ. ಬ್ರೆಡ್ಡನ್ನು ನೋಡಿದ. ಚಪ್ಪಲಿ ಮೆಟ್ಟಿದ.

ಈಗ ಹಿಂದಿನ ಕೋಣೆಯಲ್ಲಿ ಯಂತ್ರ ಗುರುಗುಟ್ಟುತ್ತದೆ. ಮುಂದೆ ಕುರ್ಚಿಗಳು ಎರಡಾಗಿವೆ. ನಾನು ಯಾವುದೋ ಪದದ ಹುಟ್ಟು ಹೇಳಲು ಬಾಯಿ ತೆರೆದರೆ, ಚಿಕ್ಕಮ್ಮ ಅದರೊಳಗೆ ಒಂದು ಬನ್ ಇಡುತ್ತಾಳೆ.