ಒಂದು ಜೋಡಿ ಕಿವಿಯ ಮೇಲ್ಮನವಿ

ನಮ್ಮನೆಯವರು ಸೈನ್ಯದಿಂದ ನಿವೃತ್ತರಾಗಿ ಮನಗೂಳಿಗೆ ಬಂದಾಗ ಟ್ರಂಕು, ಹಾಸಿಗೆ ಎಲ್ಲ ತಂದರು. ಕಿವಿಗಳನ್ನು ಮಾತ್ರ ತಾವು ಸಿಡಿಸುತ್ತಿದ್ದ ತೋಪುಗಳ ಪಕ್ಕದಲ್ಲೇ ಬಿಟ್ಟು ಬಂದಿದ್ದರು. ಅದನ್ನು ನಂಬಲು ನನಗೆ ಒಂದು ವರ್ಷ ಹಿಡಿಯಿತು. ಅಲ್ಲಿಯವರೆಗೆ ಜಾಣ ಕಿವುಡು ಎಂದೇ ಬೈದೆ.

"ಸಕ್ಕರಿ ತರ್ರಿ ಅಂದ್ರ ಕೇಳಂಗಿಲ್ಲ, ಚಾ ಆಗೇತಿ ಅಂದ್ರ ಹೆಂಗ ಕೇಳತೈತಿ?"

ಪಾಪ, ಅವರಿಗೆ ಚಹಾದ ವಾಸನೆ ಬರುತ್ತಿತ್ತು, ಅಷ್ಟೇ.

ನಿವೃತ್ತಿಗೆ ಮುಂಚೆ ಪರೀಕ್ಷಿಸಿದ ವೈದ್ಯ ಮಂಡಳಿ ಕಿವುಡನ್ನೇನೋ ಒಪ್ಪಿತ್ತು. ಆದರೆ ಅದು ಸೇವೆಯಿಂದ ಬಂದದ್ದಲ್ಲ ಎಂದು ಬರೆದು ಅಂಗವೈಕಲ್ಯ ಪಿಂಚಣಿ ನಿರಾಕರಿಸಿತ್ತು. ಹಾಗಾದರೆ ಎಲ್ಲಿಂದ ಬಂತು? ಮನಗೂಳಿಯಲ್ಲಿ ಹೆಚ್ಚೆಂದರೆ ಹಿಟ್ಟಿನ ಗಿರಣಿ ಸದ್ದು ಮಾಡುತ್ತದೆ. ಮೇಲ್ಮನವಿ ಹಾಕಿದೆವು. ಅದನ್ನು ತೀರ್ಮಾನಿಸುವವರು ಮನುಷ್ಯನನ್ನು ನೋಡುವುದಿಲ್ಲವಂತೆ, ಕಡತ ನೋಡುತ್ತಾರಂತೆ. ಹಳೆಯ ವಾಕ್ಯವೇ ಹೊಸ ಸೀಲು ಹಾಕಿಸಿಕೊಂಡು ಬಂತು.

ಎರಡನೆಯ ಮೇಲ್ಮನವಿಗೆ ಮತ್ತೆ ತಪಾಸಣೆಗೆ ಕರೆದರು. ಅಲ್ಲಿ ಕುಳಿತ ಡಾಕ್ಟರು ನಮ್ಮ ಸಿಂದಗಿ ಕಡೆಯವರೇ! ನನಗೆ ದೇವರೇ ಸಿಕ್ಕಂತಾಯಿತು. ಇವರನ್ನು ಕಂಡು ನಗುತ್ತ ಕೇಳಿದರು: "ಆರಾಮ ಅದೀರಿಲ್ರಿ?"

"ಆರಾಮ್ರಿ ಸಾಹೇಬ್ರ," ಎಂದರು ಇವರು, ತಟ್ಟನೆ.

ನಮ್ಮ ಕಡೆ ಎದುರಾದವರು ತುಟಿ ಅಲುಗಿಸಿದರೆ ಮೊದಲ ಮಾತು ಅದೇ. ಸಾಯಲು ಬಿದ್ದವನು ಕೊಡುವ ಉತ್ತರವೂ ಅದೇ. ಅದಕ್ಕೆ ಕಿವಿ ಬೇಕಿಲ್ಲ. ಆಮೇಲೆ ಯಂತ್ರ ಹಚ್ಚಿ ನೋಡಿದಾಗ ಏನೂ ಕೇಳಿಸಲಿಲ್ಲ. ಆದರೂ ತಿಂಗಳುಗಟ್ಟಲೆ ಕಾದ ಮೇಲೆ ಬಂದ ಕಾಗದದಲ್ಲಿ, ಅರ್ಜಿದಾರರು ಪ್ರಶ್ನೆಗೆ ತಕ್ಷಣ ಸರಿಯಾದ ಉತ್ತರ ಕೊಟ್ಟಿದ್ದಾರೆ, ಆದ್ದರಿಂದ ತಿರಸ್ಕರಿಸಲಾಗಿದೆ ಎಂದಿತ್ತು. ಊರ ಕಡೆಯವರೆಂದು ಖುಷಿಪಟ್ಟಿದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು.

ಕೊನೆಗೆ ಉಳಿದದ್ದು ಸೈನಿಕರ ನ್ಯಾಯಮಂಡಳಿ. ಪೀಠದಲ್ಲಿದ್ದ ಹಿರಿಯರು ಆ ಸಾಲನ್ನು ಓದಿ, ತಲೆಯೆತ್ತಿ ಇವರನ್ನೇ ಕೇಳಿದರು: "ತೋಪಿನ ಹತ್ತಿರ ಎಷ್ಟು ವರ್ಷ ಕೆಲಸ ಮಾಡಿದಿರಿ?"

ಇವರು ಎದ್ದು ಕೈಮುಗಿದರು. "ಆರಾಮ್ರಿ ಸಾಹೇಬ್ರ."

ಹಿಂದೆ ಯಾರೋ ನಕ್ಕರು. ನನಗೆ ಅಳು ಬಂತು. ಹಿರಿಯರು ನಗಲಿಲ್ಲ, ಏನೋ ಬರೆದುಕೊಂಡರು.

ಆದೇಶ ಮನೆಗೆ ಬಂತು. ಭರ್ತಿಯಾದ ದಿನ ಕಿವಿ ಚೆನ್ನಾಗಿದ್ದವು ಎಂದು ಸೈನ್ಯದ ದಾಖಲೆಯೇ ಹೇಳುತ್ತದೆ, ಬೇರೆ ಕಾರಣವನ್ನು ಯಾವ ಮಂಡಳಿಯೂ ತೋರಿಸಿಲ್ಲ, ಆದ್ದರಿಂದ ಕಿವುಡು ಸೇವೆಯಿಂದಲೇ ಬಂದದ್ದು. ಇಷ್ಟನ್ನು ನಮ್ಮೂರ ಸಾಲಿ ಮಕ್ಕಳೂ ಹೇಳುತ್ತಿದ್ದರು. ಹೇಳಿಸಿಕೊಳ್ಳಲು ನಮಗೆ ಆರು ವರ್ಷ ಬೇಕಾಯಿತು.

ಇವರು ಕಾಗದವನ್ನು ಎರಡು ಸಲ ಓದಿ, ಕೊನೆಯ ಸಾಲಿನ ಮೇಲೆ ಬೆರಳಿಟ್ಟು ನನ್ನ ಮುಂದೆ ಹಿಡಿದರು.

"ಈಗರ ನೀ ನಂಬ್ತಿ ಇಲ್ಲೊ?"

ಆ ಒಂದು ವರ್ಷದ ಬೈಗುಳ ಅವರಿಗೆ ಕೇಳಿಸಿಲ್ಲ ಎಂದುಕೊಂಡಿದ್ದೆ. ಕೇಳಿಸದಿದ್ದರೇನು, ನನ್ನ ಮುಖ ನೋಡುತ್ತಿದ್ದರಲ್ಲ.

"ನಂಬ್ತೇನ್ರಿ," ಎಂದೆ. ಕೇಳಿಸಲಿಲ್ಲ. ಹತ್ತಿರ ಹೋಗಿ ಇನ್ನೊಮ್ಮೆ ಜೋರಾಗಿ ಹೇಳಿದೆ.