ಗುಂಡನ ಮೂಗಿನ ಪರವಾಗಿ

ನಮ್ಮ ಮನೆಯ ನಾಯಿಯನ್ನು ನೋಡಿ ಯಾರಾದರೂ "ಅಯ್ಯೋ, ಎಷ್ಟು ಕ್ಯೂಟ್!" ಎಂದರೆ ನನಗೆ ಮೈ ಉರಿಯುತ್ತದೆ. ಪೌರೋಹಿತ್ಯ ಮಾಡುವವನು, ಅದೂ ಕಾಶಿಯಲ್ಲಿ ಕೂತವನು, ಇಷ್ಟು ಸಿಟ್ಟು ಮಾಡಿಕೊಳ್ಳಬಾರದು ಎಂದು ನನಗೂ ಗೊತ್ತು. ಕರ್ನಾಟಕದಿಂದ ಬರುವ ಯಾತ್ರಿಕರಿಗೆ ಕಾಮಕ್ರೋಧಗಳನ್ನು ಇಲ್ಲೇ ಗಂಗೆಯಲ್ಲಿ ಬಿಟ್ಟುಹೋಗಿ ಎಂದು ದಿನವೂ ಹೇಳುವವನೇ ನಾನು. ಅವರು ಜಾಣರು. ಕಾಮಕ್ರೋಧಗಳ ತಂಟೆಗೆ ಹೋಗದೆ, ಮೊದಲಿನಿಂದಲೂ ಇಷ್ಟವಿಲ್ಲದ ಹಾಗಲಕಾಯಿಯನ್ನೋ ಸೀಮೆಬದನೆಯನ್ನೋ ಬಿಟ್ಟು ರೈಲು ಹತ್ತುತ್ತಾರೆ. ನಾನು ಇಷ್ಟು ವರ್ಷ ಗಂಗೆಯ ದಡದಲ್ಲೇ ಇದ್ದೂ ಏನನ್ನೂ ಬಿಟ್ಟಿಲ್ಲ. ಕ್ರೋಧವನ್ನಂತೂ ಈ ನಾಯಿ ಬಂದ ಮೇಲೆ ಬಿಡುವ ಯೋಚನೆಯೂ ಇಲ್ಲ.

ನಾಯಿ ಪಗ್ ಜಾತಿಯದು. ನೀವು ನೋಡಿರುತ್ತೀರಿ. ಗೋಡೆಗೆ ಮುಖ ಗುದ್ದಿಕೊಂಡ ಹಾಗೆ ಚಪ್ಪಟೆ ಮೋರೆ, ಹಣೆಯ ಮೇಲೆ ಸಂಸಾರದ ಚಿಂತೆಯೆಲ್ಲ ಮಡಚಿಟ್ಟಂಥ ಸುಕ್ಕು, ಉಂಡೆ ಕಣ್ಣು, ಚಕ್ಕುಲಿಯ ಹಾಗೆ ಸುತ್ತಿದ ಬಾಲ. ಮೂಗು ಎಲ್ಲಿದೆ ಎಂದು ಹುಡುಕಬೇಕು. ಹುಡುಕಿದರೆ ಸಿಗುವುದು ಎರಡು ಸೀಳುಗಳು. ದೇವರು ಎಲ್ಲ ನಾಯಿಗಳಿಗೂ ಕೊಟ್ಟ ಹಾಗೆ ಇದರ ಪೂರ್ವಿಕರಿಗೂ ಉದ್ದನೆಯ ಮೂಗು ಕೊಟ್ಟಿದ್ದ. ಮನುಷ್ಯರು ಮಗುವಿನಂಥ ಮುಖ ಬೇಕೆಂದು, ಚಪ್ಪಟೆ ಮೋರೆಯದನ್ನು ಚಪ್ಪಟೆ ಮೋರೆಯದಕ್ಕೆ ಕೂಡಿಸುತ್ತಾ ತಲೆಮಾರುಗಟ್ಟಲೆ ಆ ಮೂಗನ್ನು ಒಳಕ್ಕೆ ತಳ್ಳಿದರು. ತಳ್ಳಿದ ಮೇಲೆ ಗೊರಗೊರ ಸದ್ದು ಕೇಳಿ "ಎಷ್ಟು ಮುದ್ದಾಗಿ ಗೊರಕೆ ಹೊಡೆಯುತ್ತೆ" ಎಂದು ನಕ್ಕರು. ಅದು ಗೊರಕೆಯಲ್ಲ ಸ್ವಾಮಿ, ಗಾಳಿಗಾಗಿ ಪರದಾಟ.

ಇದು ನಮ್ಮ ಮನೆಗೆ ಬಂದದ್ದು ಲಾಲಾಜಿಯ ಕೃಪೆಯಿಂದ. ಲಾಲಾಜಿಗೆ ವಿಶ್ವನಾಥ ಗಲ್ಲಿಯಲ್ಲಿ ಸೀರೆ ಅಂಗಡಿ ಇದೆ. ನಮ್ಮ ಕಡೆಯ ಯಾತ್ರಿಕರು ಬನಾರಸಿ ಸೀರೆ ಕೇಳಿದರೆ ನಾನು ಕಳಿಸುವುದು ಅಲ್ಲಿಗೇ. ಫೋನಿನ ವಿಡಿಯೋಗಳಲ್ಲಿ ಟೋಪಿ ತೊಟ್ಟ ಪಗ್‌ಗಳನ್ನು ನೋಡಿದ ಅವರ ಮಗಳು ಹುಟ್ಟುಹಬ್ಬಕ್ಕೆ ಅದೇ ಬೇಕೆಂದು ಹಟ ಹಿಡಿದಳು. ತಂದರು. ವಿಡಿಯೋದಲ್ಲಿ ಕೂದಲು ಉದುರುವುದಿಲ್ಲ, ಇಲ್ಲಿ ರೇಷ್ಮೆಯ ಮೇಲೆಲ್ಲ ಉದುರಿತು. ವಿಡಿಯೋದಲ್ಲಿ ವಾಸನೆಯಿಲ್ಲ, ಇಲ್ಲಿ ಮುಖದ ಸುಕ್ಕಿನೊಳಗೆ ಕೀವು ಕಟ್ಟಿ ವಾಸನೆ ಬಂತು. ಕಣ್ಣಿಗೊಂದು ಹುಣ್ಣೂ ಆಯಿತು. ಒಂದು ಬೆಳಿಗ್ಗೆ ಲಾಲಾಜಿ ಶಿವಾಲ ಘಾಟಿನ ಹತ್ತಿರದ ನಮ್ಮ ಮನೆಯ ಹೊಸ್ತಿಲಲ್ಲಿ ಬುಟ್ಟಿ ಹಿಡಿದು ನಿಂತಿದ್ದರು.

"ಪಂಡಿತ್‌ಜೀ, ಆಪ್ ದಕ್ಷಿಣ್ ಕೇ ಲೋಗ್ ಬಡೇ ದಯಾಲು ಹೋತೇ ಹೈಂ. ಭೈರವ್ ಬಾಬಾ ಕೀ ಸವಾರಿ ಹೈ, ರಖ್ ಲೀಜಿಯೇ."

ದಕ್ಷಿಣದವರು ದಯಾಳುಗಳಂತೆ, ಭೈರವನ ವಾಹನವಂತೆ, ಇಟ್ಟುಕೊಳ್ಳಬೇಕಂತೆ! ಕಾಲಭೈರವ ಈ ಊರಿನ ಕೊತ್ವಾಲ, ನಾಯಿ ಅವನ ವಾಹನ, ಎಲ್ಲ ನಿಜ. ಆದರೆ ಭೈರವ ಇದರ ಮೇಲೆ ಗಸ್ತು ಹೊರಟರೆ ಗಲ್ಲಿಯ ಮೊದಲ ತಿರುವಿನಲ್ಲೇ ಇಳಿದು ವಾಹನಕ್ಕೆ ಗಾಳಿ ಹಾಕಬೇಕಾಗುತ್ತದೆ. ಇದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಲಾಲಾಜಿ ಬುಟ್ಟಿ ಇಳಿಸಿ ಸ್ಕೂಟರ್ ಹತ್ತಿಯಾಗಿತ್ತು.

ಕಾಲೇಜಿಗೆ ಹೊರಟಿದ್ದ ನನ್ನ ಮಗಳು ಮೇಧಾ ಬುಟ್ಟಿಯ ಮುಂದೆ ಕೂತುಬಿಟ್ಟಳು. ಇಲ್ಲೇ ಹುಟ್ಟಿ ಬೆಳೆದವಳು. ಅವಳ ಕನ್ನಡ ಅರ್ಧ ದಾರಿಯಲ್ಲಿ ಹಿಂದಿಯ ಆಟೋ ಹತ್ತುತ್ತದೆ. "ಅಪ್ಪಾ, ಇದರ ಆಂಖ್ ನೋಡು. ಕಿತ್ನಾ ದರ್ದ್ ಆಗ್ತಿರ್ಬೇಕು. ನಾನಂತೂ ಇದನ್ನ ಎಲ್ಲೂ ಬಿಡಲ್ಲ, ಬಸ್."

ಒಳಗಿನಿಂದ ನನ್ನ ಹೆಂಡತಿ ಶಾರದೆಯ ದನಿ ಬಂತು. "ರೀ, ಅದು ಅಂಗಳ ದಾಟಿ ಮಡಿ ಅಡುಗೆಮನೆ ಕಡೆ ಬಂದ್ರೆ ನಾನು ತೌರಿಗೆ ಹೊರಟೆ ಅಂತ್ಲೇ ತಿಳ್ಕೊಳ್ಳಿ." ಹಾಗೆಂದ ಅವಳೇ ಅದಕ್ಕೆ ಹೆಸರನ್ನೂ ಇಟ್ಟಳು. ಲಾಲಾಜಿಯ ಮನೆಯಲ್ಲಿ ಈ ಗಂಡುನಾಯಿಯನ್ನು ಸ್ವೀಟಿ ಎಂದು ಕರೆಯುತ್ತಿದ್ದರಂತೆ. "ಅದೆಂಥ ಹೆಸರು! ಗುಂಡಗೆ ಇದೆ, ಗುಂಡ ಅನ್ನಿ." ನಮ್ಮ ಕಡೆ ಮನೆಗೊಬ್ಬ ಗುಂಡ ಇರುತ್ತಾನೆ, ಯಾರೂ ತಪ್ಪು ತಿಳಿಯುವುದಿಲ್ಲ. ಬನಾರಸಿನ ಗಲ್ಲಿಯಲ್ಲಿ ನಿಂತು "ಗುಂಡಾ, ಬಾರೋ ಇಲ್ಲಿ" ಎಂದು ಕೂಗಿದರೆ ಮಾತ್ರ ಬೇರೆ ಅರ್ಥವಾಗುತ್ತದೆ. ಮೊದಲ ದಿನವೇ ಎದುರು ಮನೆಯ ಪೈಲವಾನರು ತೋಳು ಮಡಚಿ ಹೊರಗೆ ಬಂದು "ಕಾ ಗುರು, ಹಮ್ಮೇ ಕಹತ್ ಹೌವಾ?" ಎಂದು ಕೇಳಿದರು. ತಮಗೇ ಗೂಂಡಾ ಎಂದೆನೆಂದು ತಿಳಿದಿದ್ದರು. ನಾನು ನಾಯಿಯನ್ನು ಎತ್ತಿ ತೋರಿಸಿದ ಮೇಲೆ ನಕ್ಕು, "ಎಷ್ಟು ಕ್ಯೂಟ್" ಎಂದು ಅವರೂ ಹೇಳಿದರು. ಅವರ ತೋಳುಗಳನ್ನು ನೋಡಿ ಅಂದು ಮಾತ್ರ ನಾನು ಸಿಟ್ಟಾಗಲಿಲ್ಲ.

ಡಾಕ್ಟರು ಇದ್ದದ್ದು ಗಂಗೆಯಾಚೆಯ ರಾಮನಗರದಲ್ಲಿ. ನೇರ ಮಾತಿನ ಹೆಂಗಸು. ಗುಂಡನ ಕಣ್ಣು, ಚರ್ಮ, ಗಂಟಲು ಎಲ್ಲ ನೋಡಿ, ಮಾಡಬೇಕಾದ್ದನ್ನೆಲ್ಲ ಹೇಳಿದರು. ಸುಕ್ಕುಗಳನ್ನು ದಿನವೂ ಒರೆಸಿ ಒಣಗಿಸಬೇಕು. ಕಣ್ಣಿಗೆ ಹನಿ ಹಾಕಬೇಕು. ಕುತ್ತಿಗೆಗೆ ಪಟ್ಟಿ ಬೇಡ, ಎದೆಗೆ ಕಟ್ಟುವಂಥದ್ದು ಬೇಕು. ಬಿಸಿಲಿಗೆ ಬಿಡಲೇಬಾರದು. ಬೇರೆ ನಾಯಿಗಳು ನಾಲಿಗೆ ಚಾಚಿ ತೇಕಿ ಮೈ ತಂಪು ಮಾಡಿಕೊಳ್ಳುತ್ತವೆ, ಇದಕ್ಕೆ ಆ ದಾರಿಯೇ ಕಿರಿದು. ಮೈ ಇಳಿಯಬೇಕು. ಇಳಿದ ಮೇಲೆ ಮೂಗಿನ ಹೊಳ್ಳೆ ಅಗಲ ಮಾಡುವ ಒಂದು ಆಪರೇಷನ್. "ಇವನ ಕಷ್ಟ ಗೊತ್ತಾಗಬೇಕಾದರೆ, ಪಂಡಿತ್‌ಜೀ, ಮೂಗು ಮುಚ್ಚಿಕೊಂಡು ಜ್ಯೂಸ್ ಕುಡಿಯುವ ನಳಿಕೆಯಲ್ಲಿ ಸ್ವಲ್ಪ ಹೊತ್ತು ಉಸಿರಾಡಿ ನೋಡಿ" ಎಂದರು.

ವಾಪಸು ಬರುವಾಗ ಸೇತುವೆಯ ಮೇಲೆ ಆಟೋದಲ್ಲಿ ನಳಿಕೆ ಕಚ್ಚಿ ಹಾಗೇ ಮಾಡಿ ನೋಡಿದೆ. ದಿನವೂ ಪ್ರಾಣಾಯಾಮ ಮಾಡುವವನು, ಇದೇನು ಮಹಾ ಎಂದುಕೊಂಡಿದ್ದೆ. ಸೇತುವೆಯ ಅರ್ಧಕ್ಕೇ ಕಣ್ಣು ಮೇಲಾಯಿತು. ಆಟೋದವನು ಗಾಬರಿಯಾಗಿ ಬ್ರೇಕ್ ಹಾಕಿ, "ತಬಿಯತ್ ಠೀಕ್ ಹೈ ನಾ, ಬಾಬಾ?" ಎಂದ. ನನ್ನ ತೊಡೆಯ ಮೇಲೆ ಗುಂಡ ತನ್ನ ಪಾಡಿಗೆ ಗೊರಗೊರ ಎನ್ನುತ್ತಾ, ದಾರಿ ನೋಡುತ್ತಾ ಖುಷಿಯಾಗಿದ್ದ. ಶ್ವಾನಕ್ಕೂ ಶ್ವಾಸಕ್ಕೂ ಒಂದೇ ಅಕ್ಷರದ ಅಂತರ ಎಂದು ಸಂಸ್ಕೃತದಲ್ಲಿ ಚಮತ್ಕಾರ ಮಾಡಬಹುದು. ಇವನ ಪಾಲಿಗೆ ಆ ಅಂತರವನ್ನು ತಂದಿಟ್ಟವರು ಯಾರು ಎಂದು ಯೋಚಿಸಿದರೆ ಚಮತ್ಕಾರವೆಲ್ಲ ಇಳಿದುಹೋಗುತ್ತದೆ.

ಆರೈಕೆಗಿಂತ ಕಷ್ಟವಾದದ್ದು ಊರಿನವರ ಪ್ರೀತಿ. ಈ ಊರಿನಲ್ಲಿ ಪ್ರೀತಿ ಎಂದರೆ ಮಲಾಯಿ. ಹಾಲಿನ ಅಂಗಡಿಯವನು ರಬಡಿಯ ಕುಡಿಕೆ ನೆಕ್ಕಿಸುತ್ತಿದ್ದ, ಕಚೌಡಿ ಅಂಗಡಿಯವನು ಜಿಲೇಬಿ ಎಸೆಯುತ್ತಿದ್ದ. ಬೇಡ ಎಂದರೆ "ಅರೇ ಗುರು, ಖಾಯೇ ದಾ", ತಿನ್ನಲಿ ಬಿಡಿ, ಎಂದು, ತಿನ್ನುವುದನ್ನು ತಪ್ಪಿಸುವ ಪಾಪಿ ಎಂಬ ಹಾಗೆ ನನ್ನನ್ನೇ ನೋಡುತ್ತಿದ್ದರು. ಗಲ್ಲಿಯ ಉದ್ದಕ್ಕೂ ನಾನು ಜಗಳವಾಡಿಕೊಂಡು ಹೋಗುತ್ತಿದ್ದೆ. ಗುಂಡ ನಾಲಿಗೆ ಚಾಚಿಕೊಂಡು, ನನ್ನನ್ನು ಬಿಟ್ಟು ಎಲ್ಲರ ಪಕ್ಷವನ್ನೂ ವಹಿಸುತ್ತಿದ್ದ.

ಹಾಗೂ ಹೀಗೂ ಮೈ ಇಳಿಯುತ್ತಿದ್ದಾಗ ಬೇಸಿಗೆ ರಜೆ ಬಂತು. ನಮ್ಮವರು ಯಾತ್ರೆಗೆ ಬರುವುದು ರಜೆಯಲ್ಲೇ. ಕಾಶಿಯಲ್ಲಿ ಆಗ ಲೂ ಬೀಸುತ್ತದೆ, ಒಲೆಯ ಬಾಯಿಂದ ಬಂದಂಥ ಗಾಳಿ. ನಮ್ಮ ಮನೆಯ ಮಹಡಿಯ ಕೋಣೆಗಳಲ್ಲಿ ಹಾಸನದ ಕಡೆಯ ಒಂದು ಕುಟುಂಬ ಇಳಿದಿತ್ತು. ಹಿರಿಯರು ತೀರಿಹೋದ ಹೆಂಡತಿಯ ಕರ್ಮಕ್ಕಾಗಿ ಬಂದಿದ್ದರು. ಜತೆಗೆ ಅವರ ಮಗ ಮತ್ತು ಸೊಸೆ. ಮಧ್ಯಾಹ್ನ ನಾನು ಹಿರಿಯರನ್ನು ಕೇದಾರ ಘಾಟಿನಲ್ಲಿ ಕೂರಿಸಿಕೊಂಡು ತರ್ಪಣ ಬಿಡಿಸುತ್ತಿದ್ದೆ. ಮಂತ್ರದ ನಡುವೆ ಮೇಲಿನ ಮೆಟ್ಟಿಲಿನಿಂದ ನಗು ಕೇಳಿತು. ನೋಡಿದರೆ ಸೊಸೆಯೂ ಮಗನೂ ನಮ್ಮ ಮನೆಯ ಅಂಗಳದಲ್ಲಿ ಕೂಲರ್ ಮುಂದೆ ಮಲಗಿದ್ದ ಗುಂಡನನ್ನು ಎತ್ತಿಕೊಂಡು ಬಂದು, ಕಾದ ಕಲ್ಲಿನ ಮೇಲೆ ನಿಲ್ಲಿಸಿ, ತಮ್ಮ ಕಪ್ಪು ಕನ್ನಡಕ ತೊಡಿಸಿ ರೀಲ್ಸ್ ಮಾಡುತ್ತಿದ್ದಾರೆ.

"ನೋಡ್ರೀ, ಹೇಗೆ ನಗ್ತಿದೆ!" ಎಂದಳು ಸೊಸೆ.

ನಗುತ್ತಿರಲಿಲ್ಲ. ಬಾಯಿ ಕಿವಿಯವರೆಗೂ ತೆರೆದುಕೊಂಡಿತ್ತು, ನಾಲಿಗೆ ನೇರಳೆಯಾಗಿತ್ತು. ನಾನು ನೋಡುತ್ತಿದ್ದಂತೆಯೇ ಹಿಂಗಾಲು ಕುಸಿದು ಕೂತುಬಿಟ್ಟ.

ಕೈಯಲ್ಲಿದ್ದ ದರ್ಭೆಯನ್ನು ಅಲ್ಲೇ ಬಿಟ್ಟು ಎದ್ದೆ. ಮೆಟ್ಟಿಲು ಹೇಗೆ ಹತ್ತಿದೆನೋ ತಿಳಿಯದು. ಗುಂಡನನ್ನು ಎದೆಗೆ ಅವುಚಿಕೊಂಡು ಓಡುವಾಗ ಹಿಂದಿನಿಂದ ಹಿರಿಯರು ಕೂಗಿದರು. "ಭಟ್ಟರೇ, ಕರ್ಮ ಮಧ್ಯದಲ್ಲಿ ಬಿಟ್ಟು ಹೋಗ್ತೀರಲ್ರೀ!"

"ನೀವು ನೀರು ಬಿಡ್ತಿರೋದು ಹೋದವರಿಗೆ ಸ್ವಾಮಿ, ಸ್ವಲ್ಪ ಕಾಯ್ತಾರೆ. ಇದು ಇನ್ನೂ ಹೋಗಿಲ್ಲ!" ಎಂದು ನಾನು ತಿರುಗಿ ಕಿರುಚಿದೆ. ಯಜಮಾನರ ಮೇಲೆ ಪುರೋಹಿತ ಕಿರುಚಿದ್ದನ್ನು ಘಾಟಿನ ದೋಣಿಯವರೆಲ್ಲ ಎದ್ದು ನಿಂತು ನೋಡಿದರು.

ಮನೆಯಲ್ಲಿ ಶಾರದೆ ಯಾತ್ರಿಕರಿಗಾಗಿ ಮಡಿಯುಟ್ಟು ಅಡುಗೆ ಮಾಡುತ್ತಿದ್ದಳು. ಅಷ್ಟು ತಿಂಗಳಲ್ಲಿ ಒಂದು ಸಲವೂ ಗುಂಡನನ್ನು ಬೆರಳಿನಿಂದಲೂ ಮುಟ್ಟಿದವಳಲ್ಲ. ನನ್ನ ಮುಖ ನೋಡಿದಳು, ಅವನ ನಾಲಿಗೆ ನೋಡಿದಳು, ಸೌಟು ಕೆಳಗಿಟ್ಟು ನನ್ನ ಕೈಯಿಂದ ಅವನನ್ನು ಕಿತ್ತುಕೊಂಡಳು. ಬಚ್ಚಲಲ್ಲಿ ತೊಡೆಯ ಮೇಲೆ ಹಾಕಿಕೊಂಡು ಹೊಟ್ಟೆಗೆ, ಅಂಗಾಲಿಗೆ ತಣ್ಣೀರು ಹನಿಸತೊಡಗಿದಳು. ಮೇಧಾ ಫೋನಿನಲ್ಲಿ ಡಾಕ್ಟರು ಹೇಳಿದ್ದನ್ನು ಹೇಳುತ್ತಾ ಹೋದಳು. ಐಸ್ ಬೇಡ, ಬಾಯಿಗೆ ನೀರು ಸುರಿಯಬೇಡಿ, ಗಾಳಿ ಹಾಕಿ. ನಾನು ಬೀಸಣಿಗೆ ಹಿಡಿದು ಬೀಸಿದೆ. ಶಾರದೆ ಒಂದೇ ಸಮನೆ ಅಂದಳು, "ಉಸಿರಾಡೋ ಗುಂಡಾ, ಉಸಿರಾಡೋ ನನ್ನಪ್ಪಾ." ಮಡಿಸೀರೆಯ ತುಂಬ ಜೊಲ್ಲು.

ಗೊರ್ ಎಂಬ ಸದ್ದು ಕೇಳಿದಾಗ ಮೂವರೂ ಅತ್ತೆವು. ಮೈ ಸ್ವಲ್ಪ ತಣಿದ ಮೇಲೆ ಒದ್ದೆ ಟವೆಲಿನಲ್ಲಿ ಮಲಗಿಸಿಕೊಂಡು ಮೇಧಾ ರಾಮನಗರಕ್ಕೆ ಹೊರಟಳು. ಡ್ರಿಪ್ ಹಾಕಿಸಿ ಸಂಜೆ ಕರೆತಂದಳು.

"ನಿನ್ನ ಮಡಿ?" ಎಂದೆ ಹೆಂಡತಿಗೆ.

"ಇನ್ನೊಂದ್ಸಲ ಸ್ನಾನ ಮಾಡಿದ್ರಾಯ್ತು. ಗಂಗೆ ಎಲ್ಲಿಗೆ ಹೋಗ್ತಾಳೆ?" ಎಂದಳು.

ಹಿರಿಯರ ಕರ್ಮವನ್ನು ಮರುದಿನ ಮೊದಲಿನಿಂದ ಮಾಡಿಸಿದೆ. ಅವರು ಸಿಟ್ಟಾಗಿರಲಿಲ್ಲ. ಗುಂಡ ವಾಪಸು ಬಂದ ಸಂಜೆಯೇ ಕೆಳಗಿಳಿದು ಬಂದು, ಅವನ ಪಕ್ಕ ನೆಲದ ಮೇಲೆ ಕೂತು, "ಕೊನೇ ದಿನಗಳಲ್ಲಿ ನಮ್ಮವಳೂ ಹೀಗೇ ಉಸಿರಿಗೆ ಒದ್ದಾಡಿದ್ಲು ಭಟ್ಟರೇ. ನೋಡ್ತಾ ಕೂರೋದು ಬಿಟ್ಟು ನನಗೇನೂ ಮಾಡಕ್ಕಾಗ್ಲಿಲ್ಲ" ಎಂದರು. ಸೊಸೆ ಬಾಗಿಲ ಬಳಿ ನಿಂತು ಕಣ್ಣೊರೆಸಿಕೊಂಡಳು. "ಗೊತ್ತಿರ್ಲಿಲ್ಲ ಅಂಕಲ್, ನಿಜವಾಗ್ಲೂ ನಗ್ತಿದೆ ಅಂದ್ಕೊಂಡೆ" ಎಂದಳು. ಅವಳನ್ನು ಬೈಯಲು ಜೋಡಿಸಿಟ್ಟುಕೊಂಡಿದ್ದ ಮಾತೆಲ್ಲ ವ್ಯರ್ಥವಾಯಿತು. ಗೊತ್ತಿಲ್ಲದವರನ್ನು ಬೈಯಲಾಗುವುದಿಲ್ಲ. ಗೊತ್ತಿದ್ದೂ ಹುಟ್ಟಿಸಿ ಮಾರುವವರು ಕೈಗೆ ಸಿಗುವುದಿಲ್ಲ. ನನ್ನಂಥ ಸಿಟ್ಟಿನವನಿಗೆ ಇದಕ್ಕಿಂತ ದೊಡ್ಡ ಸಂಕಟ ಬೇರೆ ಇಲ್ಲ.

ಮಳೆ ಬಿದ್ದು ಊರು ತಂಪಾದ ಮೇಲೆ ಆಪರೇಷನ್ ಆಯಿತು. ಹೊಳ್ಳೆ ಅಗಲ ಮಾಡಿದರು. ಅದೇ ಅರಿವಳಿಕೆಯಲ್ಲಿ, ಇನ್ನು ಮರಿ ಹುಟ್ಟಿಸದ ಹಾಗೆ ಇನ್ನೊಂದು ಕೆಲಸವನ್ನೂ ಮುಗಿಸಿದರು. ಗಾಯ ಮಾಯ್ದು ಗುಂಡ ಮೊದಲ ಬಾರಿಗೆ ಗಲ್ಲಿಯಲ್ಲಿ ಓಡಿದ. ಮಲಗಿದ್ದ ಗೂಳಿಯೊಂದನ್ನು ಬಳಸಿಕೊಂಡು, ಮೂಲೆಮೂಲೆ ಮೂಸುತ್ತಾ ಓಡಿದ. ಲೋಕದಲ್ಲಿ ವಾಸನೆ ಎಂಬುದು ಇಷ್ಟೊಂದು ಇದೆಯೇ ಎಂದು ಬೆರಗಾದವನ ಹಾಗಿದ್ದ.

ಸುದ್ದಿ ವಿಶ್ವನಾಥ ಗಲ್ಲಿಗೂ ಮುಟ್ಟಿತು. ಲಾಲಾಜಿ ಲಸ್ಸಿಯ ಕುಡಿಕೆ ಹಿಡಿದು ಬಂದರು. ಗುಂಡನನ್ನು ಹಿಂದೆ ಮುಂದೆ ನೋಡಿ, ಕಣ್ಣು ಫಳಫಳ, ಮೈ ನಯ ಎಂದು ಹೊಗಳಿ, ನಿಧಾನಕ್ಕೆ ವಿಷಯಕ್ಕೆ ಬಂದರು. ಅವರ ಸಾಢೂ ಭಾಯಿ, ಎಂದರೆ ಷಡ್ಡಕ, ಒಂದು ಹೆಣ್ಣು ಪಗ್ ಸಾಕಿದ್ದಾರಂತೆ. ಮರಿಗಳಿಗೆ ಈಗ ಬಹಳ ಬೇಡಿಕೆಯಂತೆ. ಸ್ವೀಟಿಯನ್ನು ಕೆಲವು ದಿನಕ್ಕೆ ಕರೆದುಕೊಂಡು ಹೋಗುತ್ತಾರಂತೆ. "ಆಖಿರ್ ಹೈ ತೋ ಹಮಾರಾ ಹೀ," ಎಷ್ಟಾದರೂ ಅದು ನಮ್ಮದೇ ತಾನೆ, ಎಂದು ನಕ್ಕರು.

ನನ್ನ ರಕ್ತ ತಲೆಗೇರಿತು. ಮೂಗು, ಮೂಗಿನ ವಂಶ, ಆ ವಂಶ ಹಾಳುಮಾಡಿದವರ ವಂಶ ಎಲ್ಲವನ್ನೂ ಎತ್ತಿ ಆಡಲು ನಾನು ಉಸಿರೆಳೆದುಕೊಳ್ಳುತ್ತಿರುವಾಗ ಶಾರದೆ ಒಳಗಿಂದ ಬಂದು, ತನ್ನ ಅಡುಗೆಮನೆ ಹಿಂದಿಯಲ್ಲಿ ಶಾಂತವಾಗಿ ಹೇಳಿದಳು. "ಭಾಯಿಸಾಬ್, ಗುಂಡಾ ತೋ ಸನ್ಯಾಸ್ ಲೇ ಲಿಯಾ."

ಲಾಲಾಜಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಮೇಧಾ ಎರಡು ಬೆರಳನ್ನು ಕತ್ತರಿಯ ಹಾಗೆ ಆಡಿಸಿ ತೋರಿಸಿದಳು. ಕಾಶಿಯಲ್ಲಿ ಸನ್ಯಾಸ ತೆಗೆದುಕೊಂಡವನನ್ನು ಸಂಸಾರಕ್ಕೆ ವಾಪಸು ಕರೆಯುವ ಪದ್ಧತಿ ಇಲ್ಲ. ಲಾಲಾಜಿ ತಂದ ಲಸ್ಸಿಯನ್ನು ತಾವೇ ಕುಡಿದರು.

ಅಷ್ಟರಲ್ಲಿ ಆ ಗುಂಡ ಏನು ಮಾಡಿದ ಗೊತ್ತೆ? ತನ್ನನ್ನು ಕಣ್ಣಿನ ಹುಣ್ಣಿನ ಸಮೇತ ಹೊಸ್ತಿಲಲ್ಲಿ ಇಳಿಸಿ ಓಡಿದವರ ಕಾಲ ಬಳಿ ಹೋಗಿ ಮಗುಚಿಕೊಂಡು ಹೊಟ್ಟೆ ತೋರಿಸಿದ. ಬಾಲದಿಂದ ಕುತ್ತಿಗೆಯವರೆಗೆ ಅಲ್ಲಾಡಿದ. ಲಾಲಾಜಿ ಮೊದಲು ಮುಜುಗರಪಟ್ಟರು. ಆಮೇಲೆ ಬಗ್ಗಿ, ಯಾರೂ ನೋಡುತ್ತಿಲ್ಲವೆಂಬ ಹಾಗೆ, ಅವನ ಹೊಟ್ಟೆ ಸವರಿದರು. ಸವರುತ್ತಲೇ ಇದ್ದರು. ನಾನು ಗುಂಡನ ಮೇಲೂ ಸಿಟ್ಟಾದೆ. ಇವನಿಗೆ ಮಾನ ಮರ್ಯಾದೆ ಬೇಡವೇ? ನಾವು ಇಷ್ಟೆಲ್ಲ ಮಾಡಿದ್ದು ಇದಕ್ಕೇನೇ?

ಆದರೆ ಯೋಚಿಸಿದರೆ, ಸಿಟ್ಟಿಗೆ ಬಹಳ ಉಸಿರು ಬೇಕು. ಅವನಿಗೆ ಹುಟ್ಟಿದಂದಿನಿಂದಲೂ ಅಷ್ಟು ಉಸಿರು ಸಿಕ್ಕಿಲ್ಲ. ಸಿಕ್ಕಿದ್ದನ್ನು ಅವನು ಬೇರೆ ಕೆಲಸಗಳಿಗೆ ಇಟ್ಟುಕೊಂಡಿದ್ದಾನೆ. ಹಾಗಾಗಿ ಮನೆಯಲ್ಲಿ ಕೆಲಸ ಹಂಚಿಕೆಯಾಗಿದೆ. ಕಣ್ಣಿಗೆ ಹನಿ ಹಾಕುವುದು ಮೇಧಾಳದು. ಸುಕ್ಕು ಒರೆಸುವುದು, ಅಡುಗೆ ಮುಗಿದ ಮೇಲೆ, ಶಾರದೆಯದು. ಅವನ ಪರವಾಗಿ ಕೋಪ ಮಾಡಿಕೊಳ್ಳುವುದು ನನ್ನದು.