ಕೊರಗಪ್ಪ ಬೆಳೆಸಿದ ಹಸಿರು

ಕೊರಗಪ್ಪನ ಹೊಟ್ಟೆಕಿಚ್ಚಿಗೆ ಹೆಸರೂ ಇತ್ತು, ವಿಳಾಸವೂ ಇತ್ತು: ಲತೇಶ, ಇಂಗ್ಲೆಂಡು.

ಹನ್ನೊಂದು ವರ್ಷ ಇಬ್ಬರೂ ಗಲ್ಫಿನ ಅಲ್ ಅಹ್ಸಾದ ಹಳೆಯ ಮಣ್ಣಿನ ಕೋಟೆಯ ಗೇಟು ಕಾದವರು. ಸರಕಾರ ತಂತಿಬೇಲಿ ಹಾಕಿ ರಕ್ಷಿಸಿದ ಜಾಗ ಅದು. ಬೆಕ್ಕು ನುಗ್ಗಿದರೂ ಕೊರಗಪ್ಪ ಓಡಿಸಿಬಿಡುತ್ತಿದ್ದ. ಲತೇಶನ ಹೆಂಡತಿಗೆ ನರ್ಸ್ ಕೆಲಸ ಸಿಕ್ಕಿದ್ದೇ ತಡ, ಅವನೂ ಅವಳ ಜೊತೆ ಇಂಗ್ಲೆಂಡಿಗೆ ಹಾರಿದ. ಅಲ್ಲೂ ಅವನಿಗೆ ಕೋಟೆಯೇ ಗಂಟುಬಿತ್ತು. ಹಳ್ಳಿಗಾಡಿನಲ್ಲಿ ರೋಮನ್ನರು ಕಟ್ಟಿದ್ದಂತೆ. ಲತೇಶ ಅಲ್ಲಿ ಹುಲ್ಲು ಕತ್ತರಿಸುವವನು. ಊರಿನವರ ವಾಟ್ಸಾಪ್ ಗುಂಪಿಗೆ ಅವನಿಂದ ವಾರಕ್ಕೆರಡು ಫೋಟೊ ಬರುತ್ತಿತ್ತು: ಮೊಣಕಾಲೆತ್ತರದ ಕಲ್ಲುಗೋಡೆ, ಮೇಯುವ ಕುರಿ, ಸುತ್ತ ಹಸಿರೋ ಹಸಿರು.

ಊರಿನಲ್ಲಿದ್ದ ಪುಷ್ಪಾವತಿ, ಕೊರಗಪ್ಪನ ಕೈಹಿಡಿದ ಹೆಂಡತಿ, ಅದರಲ್ಲೊಂದನ್ನು ತನ್ನ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದಳು! ಗಂಡ ಕಳಿಸಿದ ಫೋಟೊ ನೋಡಿ ಮಾತ್ರ, "ಇದೆಂತ, ಬರೀ ಮಣ್ಣಿನ ರಾಶಿ? ಲತೇಶಣ್ಣನದ್ದು ಎಷ್ಟು ಚಂದ ಉಂಟು" ಅಂದಳು. ಆ ದಿನ ಕೊರಗಪ್ಪನಿಗೆ ಊಟ ಸೇರಲಿಲ್ಲ. ತನ್ನ ಕೋಟೆಯನ್ನೂ ಅವಳು ಒಂದೇ ಒಂದು ಸಲ ಚಂದ ಅನ್ನಬೇಕು ಎಂದು ಹಟಕ್ಕೆ ಬಿದ್ದ.

ಬೆಳಿಗ್ಗೆ ಎದ್ದು ಅಂಗಳಕ್ಕೆ ನೀರು ಹಾಕುವ ಊರಿನ ಅಭ್ಯಾಸ ಅವನ ಕೈ ಬಿಟ್ಟಿರಲಿಲ್ಲ. ನಲ್ಲಿಗೆ ಪೈಪು ಸಿಕ್ಕಿಸಿ, ಗೋಡೆಯ ಬುಡದಲ್ಲಿ ಗರಿಕೆ ನೆಟ್ಟು, ಒಂದು ತಿಂಗಳು ಬಿಡದೆ ನೀರುಣಿಸಿದ. ಗರಿಕೆ ಹಬ್ಬಿತು. ಬೀಗುತ್ತ ಫೋಟೊ ಕಳಿಸಿದ.

ಮರುದಿನ ಬಂದು ನೋಡಿದರೆ ಬುಡ ನೆನೆದು ಗೋಡೆ ಆಳುದ್ದ ಕುಸಿದಿದೆ.

ಪುರಾತತ್ವದ ಅಧಿಕಾರಿ ಬಸ್ಮಾ ಬಂದವರು, ಪೈಪು ಒಡೆದಿತ್ತಾ ಎಂದು ಕೇಳಿದರು. ಹೂಂ ಅಂದಿದ್ದರೆ ಪಾರಾಗುತ್ತಿದ್ದ. ಮಹಾರಾಯ, ಇದ್ದದ್ದು ಇದ್ದ ಹಾಗೆ ಹೇಳಿ ಲತೇಶನ ಫೋಟೊವನ್ನೂ ತೋರಿಸಿದ. ಅವರು ಬೈಯಲಿಲ್ಲ. ಅಲ್ಲಿಯದು ಕಲ್ಲು, ಇದು ಸುಡದ ಮಣ್ಣು, ನೀರು ಮುಟ್ಟದೆ ಇದ್ದದ್ದರಿಂದಲೇ ಇಷ್ಟು ಕಾಲ ನಿಂತಿತ್ತು ಎಂದರು. ನಾಳೆಯಿಂದ ಗೇಟಿಗೆ ಬೇರೆಯವರು ಬರುತ್ತಾರೆ, ಹೋಗುವ ಮೊದಲು ಆ ಹುಲ್ಲನ್ನು ಕಿತ್ತುಬಿಡು ಎಂದೂ ಹೇಳಿದರು.

ಕುಕ್ಕರಗಾಲಿನಲ್ಲಿ ಕೂತು ಗರಿಕೆ ಕೀಳುತ್ತಿದ್ದಾಗ ಪುಷ್ಪಾವತಿಯ ಫೋನು ಬಂತು.

"ನಿಮ್ಮ ಫೋಟೊ ಸ್ಟೇಟಸ್ಸಿಗೆ ಹಾಕಿದ್ದೇನೆ ಮಾರಾಯ್ರೆ! ಲತೇಶಣ್ಣನದ್ದಕ್ಕಿಂತ ನಿಮ್ಮದೇ ಚಂದ ಉಂಟು. ನಾಳೆ ಇನ್ನೊಂದು ಕಳಿಸ್ತೀರಾ?"

ಕೊರಗಪ್ಪ ಬಿದ್ದ ಗೋಡೆಯನ್ನು ನೋಡಿದ, ಮುಷ್ಟಿಯಲ್ಲಿದ್ದ ಗರಿಕೆಯನ್ನು ನೋಡಿದ. ಕೆಲಸ ಹೋದದ್ದನ್ನು ಆಮೇಲೆ ಹೇಳಿದರಾಯಿತು ಅಂದುಕೊಂಡ.

"ಲತೇಶ ನೋಡಿದ್ನಾ?" ಎಂದು ಕೇಳಿದ.